‘ಇಬ್ಬರ ಬಂಧನ, ಮೂವರ ರಕ್ಷಣೆ’

ಪುಸ್ತಕ ವಿಮರ್ಶೆ, ಸಿನಿಮಾ ವಿಮರ್ಶೆ, ಹೋಟೆಲ್ ಊಟದ ವಿಮರ್ಶೆ ಎಲ್ಲಾ ಬಂದಾಯ್ತು. ಪೇಪರಿನ ಒಳಪುಟದಲ್ಲಿ ಬರೋ ಎಂಟು ಸಾಲಿನ ಸುದ್ದಿಯನ್ನ ಮಾತ್ರ ಯಾರೂ ವಿಮರ್ಶೆ ಮಾಡಲ್ಲ. ಬರೆದವರ ಹೆಸರು ಅದರಲ್ಲಿ ಇರಲ್ಲ, ಓದಿದವರಿಗೆ ಸಂಜೆ ಹೊತ್ತಿಗೆ ನೆನಪೂ ಇರಲ್ಲ. ಆದ್ರೆ ಕೆಲವು ವಿಷಯಗಳ ಬಗ್ಗೆ ನಮಗೆ ಗೊತ್ತಿರೋದೆಲ್ಲಾ ಇಂಥ ಎಂಟೆಂಟು ಸಾಲುಗಳಿಂದಲೇ ಬಂದಿರುತ್ತೆ. ಹಾಗಾಗಿ ಇವತ್ತು ಅಂಥದ್ದೊಂದು ಸುದ್ದಿಯನ್ನ ಪದ ಪದ ಬಿಡಿಸಿ ಓದೋಣ.

ಯಾವುದೋ ಒಂದು ಪತ್ರಿಕೆಯನ್ನ ಹಿಡಿದು ಬೈಯೋದು ನನ್ನ ಉದ್ದೇಶ ಅಲ್ಲ. ಅದಕ್ಕೇ ಮಾದರಿಯನ್ನ ನಾನೇ ಬರೆದಿದ್ದೀನಿ. ಬಡಾವಣೆ ಹೆಸರು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ, ನಿಮಗೆ ಬೇಕಾದ್ದು ಹಾಕ್ಕೊಳ್ಳಿ. ಉಳಿದಿದ್ದು ಬದಲಾಗಲ್ಲ:

‘ಬೆಂಗಳೂರು: ಮನೆಯೊಂದನ್ನು ಬಾಡಿಗೆಗೆ ಪಡೆದು ವೇಶ್ಯಾವಾಟಿಕೆ ನಡೆಸುತ್ತಿದ್ದ ಇಬ್ಬರನ್ನು ಬಂಧಿಸಿರುವ ಪೊಲೀಸರು, ಮೂವರು ಮಹಿಳೆಯರನ್ನು ರಕ್ಷಿಸಿದ್ದಾರೆ. ಖಚಿತ ಮಾಹಿತಿ ಮೇರೆಗೆ ದಾಳಿ ನಡೆಸಿ ನಗದು, ಮೊಬೈಲ್ ಫೋನ್ ಹಾಗೂ ಕಾಂಡೋಮ್‌ಗಳನ್ನು ಜಪ್ತಿ ಮಾಡಲಾಗಿದೆ. ಆರೋಪಿಗಳು ಕೆಲಸ ಕೊಡಿಸುವುದಾಗಿ ನಂಬಿಸಿ ಮಹಿಳೆಯರನ್ನು ದಂಧೆಗೆ ದೂಡುತ್ತಿದ್ದರು. ಪ್ರಕರಣ ದಾಖಲಿಸಿಕೊಂಡು ತನಿಖೆ ಮುಂದುವರಿಸಲಾಗಿದೆ.’

ಎಲ್ಲೋ ಓದಿದ ಹಾಗಿದೆ ಅನ್ಸುತ್ತೆ ಅಲ್ವಾ? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದಕ್ಕೆ ಟೆಂಪ್ಲೇಟ್ ಅಂತೀವಿ. ಊರು, ಸಂಖ್ಯೆ, ದಿನಾಂಕ ತುಂಬಿದ್ರೆ ಸಾಕು, ಸುದ್ದಿ ರೆಡಿ. ಟೆಂಪ್ಲೇಟಿನ ತೊಂದರೆ ಏನಂದ್ರೆ, ಅದರಲ್ಲಿ ಜಾಗ ಇಲ್ಲದ ಮಾಹಿತಿ ಎಂದಿಗೂ ಒಳಗೆ ಬರಲ್ಲ.

ಮೊದಲು ಕ್ರಿಯಾಪದ ನೋಡಿ. ಪೊಲೀಸರು ದಾಳಿ ನಡೆಸ್ತಾರೆ, ಬಂಧಿಸ್ತಾರೆ, ರಕ್ಷಿಸ್ತಾರೆ. ಆರೋಪಿಗಳು ನಂಬಿಸ್ತಾರೆ, ದೂಡ್ತಾರೆ. ಆ ಮೂವರು ಮಹಿಳೆಯರು ಏನು ಮಾಡ್ತಾರೆ? ಏನೂ ಮಾಡಲ್ಲ. ಒಬ್ಬರು ಅವರನ್ನು ದೂಡ್ತಾರೆ, ಇನ್ನೊಬ್ಬರು ಅವರನ್ನು ರಕ್ಷಿಸ್ತಾರೆ. ಹೈಸ್ಕೂಲಿನ ವ್ಯಾಕರಣದಲ್ಲಿ ಹೇಳೋದಾದ್ರೆ ಇಡೀ ಸುದ್ದಿಯಲ್ಲಿ ಅವರಿಗೆ ದ್ವಿತೀಯಾ ವಿಭಕ್ತಿ ಬಿಟ್ಟು ಬೇರೆ ವಿಭಕ್ತಿಯೇ ಇಲ್ಲ. ಅವರಿಗೆ ವಯಸ್ಸೆಷ್ಟು, ಅವರು ಏನಂದ್ರು, ರಕ್ಷಣೆ ಕೇಳಿದ್ರಾ, ಇದಕ್ಕೆ ಮುಂಚೆ ಯಾವತ್ತಾದ್ರೂ ಸ್ಟೇಷನ್‌ಗೆ ದೂರು ಕೊಡೋಕೆ ಹೋಗಿದ್ರಾ, ಹೋದಾಗ ಏನಾಯ್ತು, ಇದ್ಯಾವುದಕ್ಕೂ ಟೆಂಪ್ಲೇಟಿನಲ್ಲಿ ಜಾಗ ಇಲ್ಲ. ಗಿರಾಕಿಯಂತೂ ಗಾಳಿಯಲ್ಲಿ ಕರಗಿಹೋಗಿದ್ದಾನೆ.

ಇನ್ನು ‘ರಕ್ಷಣೆ’. ಈ ಪದವನ್ನ ವರದಿಗಾರರು ಹುಟ್ಟುಹಾಕಿದ್ದಲ್ಲ, ಕಾಯ್ದೆಯಲ್ಲೇ ಇದೆ. ಅನೈತಿಕ ವ್ಯವಹಾರ (ತಡೆ) ಕಾಯ್ದೆ, 1956, ಪೊಲೀಸರ ಬಾಯಲ್ಲಿ ‘ಪೀಟಾ’. ಅದರ 16ನೇ ಕಲಂ ರಕ್ಷಣೆಯ ಬಗ್ಗೆ, 17ನೇ ಕಲಂ ರಕ್ಷಿಸಿದ ಮೇಲೆ ಏನು ಮಾಡಬೇಕು ಅನ್ನೋದರ ಬಗ್ಗೆ. ಹೆಣ್ಣುಮಗಳನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಅವರು ವಿಚಾರಣೆ ಮಾಡಿ, ಆಕೆಗೆ ಆರೈಕೆ ಬೇಕು ಅನ್ನಿಸಿದ್ರೆ ಒಂದು ವರ್ಷಕ್ಕೆ ಕಡಿಮೆ ಇಲ್ಲದಂತೆ, ಮೂರು ವರ್ಷಕ್ಕೆ ಮೀರದಂತೆ ರಕ್ಷಣಾ ಗೃಹದಲ್ಲಿ ಇಡೋಕೆ ಆದೇಶ ಮಾಡಬಹುದು. ಹದಿನಾಲ್ಕು ವರ್ಷದ ಹುಡುಗಿಯನ್ನ ಯಾರೋ ಕೂಡಿಹಾಕಿದ್ದಾಗ ಬಾಗಿಲು ಒಡೆದು ಕರ್ಕೊಂಡು ಬರೋದು ನಿಜವಾದ ರಕ್ಷಣೆ. ಆದ್ರೆ ಮನೆಯಲ್ಲಿ ಎರಡು ಮಕ್ಕಳನ್ನ ಬಿಟ್ಟು ಬಂದಿರೋ ಮೂವತ್ತೈದು ವರ್ಷದ ಹೆಂಗಸು, ‘ನನಗೆ ಬೇಡ, ನಾನು ಮನೆಗೆ ಹೋಗ್ಬೇಕು’ ಅಂದ್ರೂ ಬೀಗ ಹಾಕಿದ ಕಟ್ಟಡದಲ್ಲಿ ಇಡೋದಕ್ಕೂ ಇದೇ ಪದ. ಒಂದೇ ಪದದಲ್ಲಿ ಎರಡು ಬೇರೆ ಬೇರೆ ಕೆಲಸ ನಡೀತಿದೆ. ಯಾವುದು ಯಾವುದು ಅಂತ ಸುದ್ದಿ ಹೇಳಲ್ಲ, ನಾವೂ ಕೇಳಲ್ಲ.

ಮುಂದೆ ಹೋಗೋ ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೋಬೇಕು. ನಮ್ಮಲ್ಲಿ ತುಂಬಾ ಜನ, ನಮ್ಮ ಆಫೀಸಿನ ಓದಿದ ಗೆಳೆಯರೂ ಸೇರಿ, ದುಡ್ಡಿಗೆ ಲೈಂಗಿಕ ಕೆಲಸ ಮಾಡೋದೇ ಕಾನೂನು ಪ್ರಕಾರ ಅಪರಾಧ ಅಂದ್ಕೊಂಡಿದ್ದಾರೆ. ಹಾಗಿಲ್ಲ. ವಯಸ್ಕ ಹೆಣ್ಣೊಬ್ಬಳು ಒಬ್ಬಳೇ, ತನ್ನಿಷ್ಟಕ್ಕೆ, ಖಾಸಗಿ ಜಾಗದಲ್ಲಿ ಈ ಕೆಲಸ ಮಾಡಿದ್ರೆ ಅದನ್ನ ಅಪರಾಧ ಅನ್ನೋ ಕಲಂ ಪೀಟಾದಲ್ಲಿ ಇಲ್ಲ. ಅದರ ಸುತ್ತಮುತ್ತ ಇರೋದು ಮಾತ್ರ ಹೆಚ್ಚುಕಮ್ಮಿ ಎಲ್ಲವೂ ಅಪರಾಧ. ಕೇಳೋಕೆ ಇದು ಸಣ್ಣ ವ್ಯತ್ಯಾಸ. ಆದ್ರೆ ನನ್ನ ಪ್ರಕಾರ ಇಡೀ ಕೇಡು ಇರೋದೇ ಇಲ್ಲಿ. ಯಾಕಂದ್ರೆ ಆ ಹೆಂಗಸು ಜೀವ ಕಾಪಾಡ್ಕೊಳ್ಳೋಕೆ ಏನೇನು ಮಾಡಬಹುದೋ, ಕಾಯ್ದೆಯ ಕಣ್ಣಿಗೆ ಅದೇ ಅಪರಾಧ, ಇಲ್ಲಾ ಅಪರಾಧಕ್ಕೆ ಸಾಕ್ಷಿ.

ಒಂದೊಂದಾಗಿ ನೋಡೋಣ.

ಒಬ್ಬಳೇ ಇದ್ರೆ ಭಯ, ಜೊತೆಗೆ ಇನ್ನೊಬ್ಬಳು ಇದ್ರೆ ಧೈರ್ಯ. ಯಾವನಾದ್ರೂ ಕುಡಿದು ಬಂದು ಕೈ ಮಾಡಿದ್ರೆ ಕೂಗಿದಾಗ ಓಡಿ ಬರೋಕೆ ಒಬ್ಬರು ಬೇಕು. ಕಾಯ್ದೆಯ 2ನೇ ಕಲಂ ತೆಗೆದು ‘ವೇಶ್ಯಾಗೃಹ’ ಅಂದ್ರೆ ಏನು ಅಂತ ನೋಡಿ. ಬೇರೆಯವರ ಲಾಭಕ್ಕೆ ನಡೆಯೋ ಮನೆ, ಕೋಣೆ, ವಾಹನ ಅಷ್ಟೇ ಅಲ್ಲ, ಇಬ್ಬರು ಅಥವಾ ಹೆಚ್ಚು ಮಂದಿ ತಮ್ಮ ಪರಸ್ಪರ ಲಾಭಕ್ಕೆ ಬಳಸೋ ಜಾಗವೂ ವೇಶ್ಯಾಗೃಹವೇ. ಅಂದ್ರೆ ಇಬ್ಬರು ಗೆಳತಿಯರು ಬಾಡಿಗೆ ಹಂಚ್ಕೊಂಡು ಒಂದೇ ಮನೆಯಲ್ಲಿ ಕೆಲಸ ಮಾಡಿದ್ರೆ, ಮೇಲೆ ಯಾವ ದಲ್ಲಾಳಿ ಇಲ್ಲದಿದ್ರೂ, ಅದು ವೇಶ್ಯಾಗೃಹ. ‘ಇಬ್ಬರ ಬಂಧನ’ ಅನ್ನೋ ಸಾಲಿನಲ್ಲಿ ಆ ಇಬ್ಬರು ದಲ್ಲಾಳಿಗಳಾ, ಅಥವಾ ಬಾಡಿಗೆ ಕರಾರಿಗೆ ಸಹಿ ಹಾಕಿದ ಹೆಂಗಸರೇನಾ? ಸುದ್ದಿಯಿಂದ ಗೊತ್ತಾಗಲ್ಲ. ನ್ಯೂಜಿಲೆಂಡ್ 2003ರಲ್ಲಿ ಲೈಂಗಿಕ ಕೆಲಸವನ್ನ ಅಪರಾಧದ ಪಟ್ಟಿಯಿಂದ ತೆಗೆದಾಗ ಇದಕ್ಕೆ ಸರಿಯಾಗಿ ಉಲ್ಟಾ ಮಾಡ್ತು. ನಾಲ್ಕು ಜನರವರೆಗೆ, ಯಾರೂ ಯಾರಿಗೂ ಯಜಮಾನರಲ್ಲದೆ ಒಟ್ಟಿಗೆ ಕೆಲಸ ಮಾಡಿದ್ರೆ ಪ್ರಮಾಣಪತ್ರವೂ ಬೇಡ ಅಂತು. ಜೊತೆಗಿರೋದು ಸುರಕ್ಷಿತ ಅನ್ನೋ ಸಾಮಾನ್ಯ ಜ್ಞಾನಕ್ಕೆ ಅಲ್ಲಿ ಕಾನೂನಿನಲ್ಲಿ ಜಾಗ ಸಿಕ್ತು.

ಮನೆಯವರ ಆಸರೆ? 4ನೇ ಕಲಂ ಪ್ರಕಾರ, ಇನ್ನೊಬ್ಬರ ಈ ಗಳಿಕೆಯಲ್ಲಿ ಗೊತ್ತಿದ್ದೂ ಪೂರ್ತಿಯಾಗೋ ಭಾಗಶಃವೋ ಬದುಕೋ, 18 ವರ್ಷ ದಾಟಿದ ಯಾರಿಗಾದ್ರೂ ಎರಡು ವರ್ಷದವರೆಗೆ ಜೈಲಾಗಬಹುದು. ಆಕೆಯ ಜೊತೆ ವಾಸ ಮಾಡ್ತಿದ್ರೆ ಸಾಕು, ಗಳಿಕೆಯಲ್ಲಿ ಬದುಕ್ತಿದ್ದಾರೆ ಅಂತಲೇ ಕಾಯ್ದೆ ಊಹಿಸುತ್ತೆ. ಅಲ್ಲ ಅಂತ ಸಾಬೀತು ಮಾಡೋ ಹೊಣೆ ಅವರದು. ಹೊಡೆದು ದುಡಿಸೋ ಗಂಡಸನ್ನ ಹಿಡಿಯೋಕೆ ಇದು ಬೇಕು, ಒಪ್ಪೋಣ. ಆದ್ರೆ ಇದೇ ಬಲೆಯಲ್ಲಿ ಆಕೆಯ ಮುದಿ ತಾಯಿ ಬೀಳಬಹುದು, ಪಿಯುಸಿ ಮುಗಿಸಿದ ಮಗನೂ ಬೀಳಬಹುದು. ಹಾಗಾಗಿ ಮಗನಿಗೆ ತಾಯಿಯ ಕೆಲಸ ಗೊತ್ತಾಗಬಾರದು. ಗೊತ್ತಾಗಬಾರದು ಅಂದ್ರೆ ಹೊಡೆತ ತಿಂದು ಬಂದ ದಿನವೂ ಬಾಯಿ ಬಿಡಬಾರದು.

ಸರಿಯಾದ ಬಾಡಿಗೆ ಮನೆ? ವೇಶ್ಯಾಗೃಹಕ್ಕೆ ಅಂತ ಗೊತ್ತಿದ್ದು ಬಾಡಿಗೆ ಕೊಟ್ಟ ಮಾಲೀಕನ ಮೇಲೂ ಕೇಸು. ನಮ್ಮ ಕಡೆ ಮದುವೆ ಆಗದ ಹುಡುಗರಿಗೇ ಮನೆ ಕೊಡೋಕೆ ಓನರ್‌ಗಳು ಹತ್ತು ಪ್ರಶ್ನೆ ಕೇಳ್ತಾರೆ. ಇನ್ನು ಇವರಿಗೆ ಕೊಡೋನು ಎರಡು ಪಟ್ಟು ಬಾಡಿಗೆ ಕೇಳೋನು, ಇಲ್ಲಾ ಬಾಡಿಗೆ ಜೊತೆ ಇನ್ನೂ ಏನೇನೋ ಕೇಳೋನು. ಅವನ ಮೇಲೆ ಆಕೆ ದೂರು ಕೊಡೋ ಹಾಗಿಲ್ಲ. ದೂರು ಕೊಟ್ರೆ ಮೊದಲು ಬೀದಿಗೆ ಬೀಳೋಳು ಅವಳೇ.

ಬೀದಿಗೆ ಬಂದ್ರೆ? 7ನೇ ಕಲಂ. ದೇವಸ್ಥಾನ, ಮಸೀದಿ, ಚರ್ಚು, ಶಾಲೆ, ಹಾಸ್ಟೆಲ್, ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಂದ 200 ಮೀಟರ್ ಒಳಗೆ ಕೆಲಸ ಮಾಡಿದ್ರೆ ಮೂರು ತಿಂಗಳವರೆಗೆ ಜೈಲು. ಫೋನಿನಲ್ಲಿ ಮ್ಯಾಪ್ ತೆಗೆದು ವಿಜಯನಗರದ ಮೇಲೋ ರಾಜಾಜಿನಗರದ ಮೇಲೋ ಒಂದೊಂದು ಗುಡಿಗೆ, ಶಾಲೆಗೆ, ಕ್ಲಿನಿಕ್‌ಗೆ 200 ಮೀಟರ್ ವೃತ್ತ ಎಳೀತಾ ಹೋಗಿ. ನಾಲ್ಕು ಅಡ್ಡರಸ್ತೆ ದಾಟೋ ಹೊತ್ತಿಗೆ ವೃತ್ತಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಬೆಂಗಳೂರಿನಲ್ಲಿ ಮುಂಬೈ, ಕೋಲ್ಕತ್ತದ ಥರ ಇದಕ್ಕೇ ಮೀಸಲಾದ ದೊಡ್ಡ ಕೇರಿ ಇಲ್ಲ. ಕೆಲಸ ನಡೆಯೋದು ಬಸ್‌ಸ್ಟ್ಯಾಂಡ್ ಸುತ್ತ, ರಸ್ತೆ ಬದಿ, ಲಾಡ್ಜು, ಮನೆ ಮತ್ತು ಈಗ ಫೋನಿನಲ್ಲಿ. ವೃತ್ತಗಳ ಆಚೆ ಉಳಿಯೋದು ಯಾವ ಜಾಗ? ದೀಪ ಇಲ್ಲದ ರಸ್ತೆ, ಖಾಲಿ ಸೈಟು, ಊರಾಚೆ ಲಾರಿ ನಿಲ್ಲೋ ಜಾಗ. ಅಲ್ಲಿ ಕೂಗಿದ್ರೆ ಯಾರಿಗೂ ಕೇಳಲ್ಲ.

8ನೇ ಕಲಂ ಇನ್ನೂ ಮಜವಾಗಿದೆ, ನಗೋ ಮಜ ಅಲ್ಲ. ಮಾತಿನಿಂದಲೋ ಸನ್ನೆಯಿಂದಲೋ, ಕಿಟಕಿ ಬಳಿ ಅಥವಾ ಬಾಲ್ಕನಿಯಲ್ಲಿ ಕೂತು ಮೈ ತೋರಿಸಿಯೋ ಗಿರಾಕಿಯನ್ನ ಸೆಳೆದ್ರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಇದೇ ತಪ್ಪನ್ನ ಗಂಡಸು ಮಾಡಿದ್ರೆ ಏಳು ದಿನದಿಂದ ಮೂರು ತಿಂಗಳು ಅಂತ ಅದೇ ಕಲಂನಲ್ಲಿ ಪ್ರತ್ಯೇಕವಾಗಿ ಬರೆದಿದ್ದಾರೆ. ಹೆಂಗಸಿಗೆ ಗರಿಷ್ಠ ಶಿಕ್ಷೆ ಅವನ ಎರಡರಷ್ಟು. ಶಿಕ್ಷೆಗಿಂತ ಕೆಟ್ಟದ್ದು ಇದರ ಪರಿಣಾಮ. ರಸ್ತೆಯಲ್ಲಿ ನಿಂತು ಮಾತಾಡೋದೇ ಅಪರಾಧ ಆದಾಗ ಮಾತು ಬೇಗ ಮುಗೀಬೇಕು. ಬಂದವನು ಕುಡಿದಿದ್ದಾನಾ, ಕಾರಿನ ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ಇದ್ದಾರಾ, ಕಾಂಡೋಮ್‌ಗೆ ಒಪ್ತಾನಾ, ಎಲ್ಲಿಗೆ ಕರ್ಕೊಂಡು ಹೋಗ್ತಾನೆ, ಇದನ್ನೆಲ್ಲ ಕೇಳೋಕೆ ಎರಡು ನಿಮಿಷ ಬೇಕು. ಹೊಯ್ಸಳ ಗಾಡಿ ಬರೋದರೊಳಗೆ ಕಾರು ಹತ್ತಬೇಕಾದೋಳಿಗೆ ಆ ಎರಡು ನಿಮಿಷ ಸಿಗಲ್ಲ.

ಈಗ ಸುದ್ದಿಯ ಜಪ್ತಿ ಪಟ್ಟಿಗೆ ವಾಪಸ್ ಬನ್ನಿ. ನಗದು, ಮೊಬೈಲ್, ಕಾಂಡೋಮ್. ನಗದು ಅಂದ್ರೆ ಆ ವಾರದ ರೇಷನ್ನು, ಮಗುವಿನ ಫೀಸು. ಮೊಬೈಲ್ ಅಂದ್ರೆ ಕಷ್ಟ ಬಂದಾಗ ಗೆಳತಿಗೆ ಕರೆ ಮಾಡೋ ದಾರಿ. ಕಾಂಡೋಮ್ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಅದನ್ನ ಆಕೆಗೆ ಪುಕ್ಕಟೆ ಕೊಟ್ಟಿದ್ದು ಬಹುಶಃ ಸರ್ಕಾರವೇ, ಎಚ್‌ಐವಿ ತಡೆ ಕಾರ್ಯಕ್ರಮದಲ್ಲಿ. ಆರೋಗ್ಯ ಇಲಾಖೆ ಹಂಚಿದ್ದನ್ನ ಗೃಹ ಇಲಾಖೆ ಜಪ್ತಿ ಮಾಡುತ್ತೆ. ನಮ್ಮಲ್ಲಿ ಒಂದು ಟೀಮ್ ಬರೆದ ಕೋಡನ್ನ ಇನ್ನೊಂದು ಟೀಮ್ ಅಳಿಸಿದ್ರೆ ಸೋಮವಾರ ಬೆಳಿಗ್ಗೆ ಮೀಟಿಂಗ್ ಆಗುತ್ತೆ. ಇಲ್ಲಿ ಎಷ್ಟೋ ವರ್ಷದಿಂದ ನಡೀತಾ ಬಂದಿದೆ. 2002ರಲ್ಲೇ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ, ಕಾಂಡೋಮ್ ಹಂಚೋಕೆ ಹೋದ ಕಾರ್ಯಕರ್ತೆಯರನ್ನೇ ನಮ್ಮ ದೇಶದ ಪೊಲೀಸರು ಪೀಡಿಸೋದನ್ನ ದಾಖಲಿಸಿ ವರದಿ ತಂದಿತ್ತು. ಸಾಕ್ಷಿ ಆಗುತ್ತೆ ಅಂದ್ರೆ ಹೆಂಗಸು ಅದನ್ನ ಬ್ಯಾಗಿನಲ್ಲಿ ಇಟ್ಕೊಳ್ಳಲ್ಲ. ಇಷ್ಟು ಸರಳ ಲೆಕ್ಕ.

ಇದೆಲ್ಲ ಬರೀ ತರ್ಕ ಅನ್ನೋರಿಗೆ ನಮ್ಮ ರಾಜ್ಯದ್ದೇ ಅಂಕಿ ಅಂಶ ಇದೆ. ಕರ್ನಾಟಕದ 3,852 ಲೈಂಗಿಕ ಕಾರ್ಯಕರ್ತೆಯರನ್ನ ಮಾತಾಡಿಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟ ಆಯ್ತು. ಹಿಂದಿನ ಒಂದೇ ವರ್ಷದಲ್ಲಿ ಹೊಡೆತ ಅಥವಾ ಅತ್ಯಾಚಾರ ಅನುಭವಿಸಿದ್ದಾಗಿ ಹೇಳಿದವರು ಶೇ 11. ಹಿಂಸೆಗೂ ಕಾಯಿಲೆಗೂ ಇರೋ ಗಂಟನ್ನ ನೋಡಿ: ಹಿಂದಿನ ತಿಂಗಳು ಗಿರಾಕಿಗಳ ಜೊತೆ ಒಂದು ಸಲವೂ ಕಾಂಡೋಮ್ ತಪ್ಪಿಸಿಲ್ಲ ಅಂದವರು, ಹಿಂಸೆ ಕಾಣದ ಗುಂಪಿನಲ್ಲಿ ಶೇ 75.5, ಹಿಂಸೆ ಕಂಡ ಗುಂಪಿನಲ್ಲಿ ಶೇ 55.4. ಗೊನೋರಿಯಾ ಸೋಂಕು ಮೊದಲ ಗುಂಪಿನಲ್ಲಿ ಶೇ 2.6, ಎರಡನೆಯದರಲ್ಲಿ ಶೇ 5. ಹೊಡೆತದ ಭಯದಲ್ಲಿ ಇರೋಳು ‘ಕಾಂಡೋಮ್ ಹಾಕು’ ಅಂತ ಯಾವ ಬಾಯಲ್ಲಿ ಹೇಳ್ತಾಳೆ?

ಇದೇ ಅಧ್ಯಯನದಲ್ಲಿ ಒಳ್ಳೆ ಸುದ್ದಿಯೂ ಇದೆ. ಮಹಿಳೆಯರ ಸಂಘಟನೆ ಬೆಳೆದು, ಕರೆ ಮಾಡಿದ ಕೂಡಲೇ ಓಡಿ ಬರೋ ತಂಡಗಳು ಬಂದು, ಪೊಲೀಸರ ಜೊತೆ ಮಾತುಕತೆ, ತರಬೇತಿ ನಡೆದ ಮೇಲೆ ಹಿಂಸೆ ಕಡಿಮೆ ಆಗಿತ್ತು. ಮೈಸೂರಿನಲ್ಲಿ ಈ ಮಹಿಳೆಯರೇ ಕಟ್ಟಿದ ‘ಆಶೋದಯ ಸಮಿತಿ’ ಇದೆ. ಅಲ್ಲಿ 2004 ಮತ್ತು 2006ರಲ್ಲಿ ನಡೆದ ಎರಡು ಸಮೀಕ್ಷೆಗಳ ನಡುವೆ, ಹೊಸ ಗಿರಾಕಿಗಳ ಜೊತೆ ಕಾಂಡೋಮ್ ಬಳಕೆ ಶೇ 65ರಿಂದ 90ಕ್ಕೆ ಏರ್ತು, ಸಿಫಿಲಿಸ್ ಶೇ 25ರಿಂದ 12ಕ್ಕೆ ಇಳೀತು. ದಾಳಿ ಮಾಡಿ, ಬೀಗ ಹಾಕಿ ಸಿಕ್ಕ ಫಲ ಅಲ್ಲ ಇದು. ಹೆಂಗಸರು ಒಟ್ಟಿಗೆ ಸೇರಿದ್ದರಿಂದ ಸಿಕ್ಕಿದ್ದು. ಒಟ್ಟಿಗೆ ಸೇರೋದನ್ನೇ ಪೀಟಾ ಅನುಮಾನದಿಂದ ನೋಡೋದು.

ಇನ್ನೊಂದು ಲೆಕ್ಕ 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಲೈಂಗಿಕ ಕೆಲಸವನ್ನ ಅಪರಾಧದ ಚೌಕಟ್ಟಿನಿಂದ ಹೊರಗೆ ತಂದ್ರೆ ಎಚ್‌ಐವಿ ಮೇಲೆ ಏನು ಪರಿಣಾಮ ಅಂತ ಮೂರು ಊರುಗಳ ಗಣಿತದ ಮಾದರಿ ಕಟ್ಟಿದ್ರು: ಕೆನಡಾದ ವ್ಯಾಂಕೂವರ್, ಕೀನ್ಯಾದ ಮೊಂಬಾಸಾ, ಮತ್ತೆ ನಮ್ಮ ಬಳ್ಳಾರಿ. ಉತ್ತರ: ಹತ್ತು ವರ್ಷದಲ್ಲಿ ಶೇ 33ರಿಂದ 46ರಷ್ಟು ಹೊಸ ಸೋಂಕು ತಪ್ಪುತ್ತೆ. ಮಾದರಿ ಮಾದರಿಯೇ, ಭವಿಷ್ಯ ಅಲ್ಲ. ಇಂಥ ಸಿಮ್ಯುಲೇಷನ್‌ಗಳ ಮಿತಿ ನನ್ನಂಥೋರಿಗೆ ಚೆನ್ನಾಗಿ ಗೊತ್ತು. ಆದ್ರೂ ಪರೀಕ್ಷೆ ಮಾಡಿದ ಉಪಾಯಗಳಲ್ಲಿ ಅತಿ ಹೆಚ್ಚು ಪರಿಣಾಮ ಕಂಡಿದ್ದು ಇದೇ ಒಂದರಲ್ಲಿ, ಮೂರೂ ಊರಲ್ಲಿ.

ಕೋರ್ಟು ಏನಂತು? 1999ರಲ್ಲಿ ಕೋಲ್ಕತ್ತದಲ್ಲಿ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆ ಆಯ್ತು. ಅಪರಾಧಿ ಬುದ್ಧದೇವ್ ಕರ್ಮಾಸ್ಕರ್ ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯ್ತು. 2011ರಲ್ಲಿ ಕೋರ್ಟು ಶಿಕ್ಷೆ ಎತ್ತಿಹಿಡಿದು ಸುಮ್ಮನಾಗಲಿಲ್ಲ. ಕೇಸನ್ನ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಬದಲಾಯಿಸಿ, ಈ ಮಹಿಳೆಯರು ಘನತೆಯಿಂದ ಬದುಕೋದು ಹೇಗೆ ಅಂತ ನೋಡೋಕೆ ಸಮಿತಿ ಮಾಡ್ತು. 2022ರ ಮೇ 19ರಂದು ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ನೇತೃತ್ವದ ಪೀಠ ನಿರ್ದೇಶನ ಕೊಡ್ತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಲೈಂಗಿಕ ಕಾರ್ಯಕರ್ತೆಗೂ ತಕ್ಷಣ ವೈದ್ಯಕೀಯ ನೆರವು ಸಿಗಬೇಕು. ರಕ್ಷಣಾ ಗೃಹಗಳ ಸಮೀಕ್ಷೆ ಮಾಡಿ, ಇಷ್ಟವಿಲ್ಲದೆ ಇಟ್ಟಿರೋ ವಯಸ್ಕ ಮಹಿಳೆಯರನ್ನ ಬಿಡೋ ವ್ಯವಸ್ಥೆ ಆಗಬೇಕು. ಪೊಲೀಸರು ಬೈಯೋದು, ಹೊಡೆಯೋದು ಮಾಡಬಾರದು. ಕಾಂಡೋಮ್ ಬಳಕೆಯಂಥ ಆರೋಗ್ಯ ರಕ್ಷಣೆಯ ಕ್ರಮವನ್ನ ಅಪರಾಧ ಅಂತಾಗಲೀ ಸಾಕ್ಷಿ ಅಂತಾಗಲೀ ನೋಡಬಾರದು. ದಾಳಿ, ಬಂಧನ, ರಕ್ಷಣೆ ಸಮಯದಲ್ಲಿ ಅವರ ಗುರುತು ಬಯಲಾಗದ ಹಾಗೆ ಮಾಧ್ಯಮಗಳಿಗೆ ಪ್ರೆಸ್ ಕೌನ್ಸಿಲ್ ಮಾರ್ಗಸೂಚಿ ಕೊಡಬೇಕು. ಸಮಿತಿಯ ಕೆಲವು ಶಿಫಾರಸುಗಳಿಗೆ ಕೇಂದ್ರ ಸರ್ಕಾರ ತಕರಾರು ತೆಗೆದಿತ್ತು, ಹಾಗಾಗಿ ಎಲ್ಲವೂ ಆದೇಶ ಆಗಲಿಲ್ಲ. ಮೂಲ ಕಾಯ್ದೆ ಇದ್ದ ಹಾಗೇ ಇದೆ. ಹೀಗಾಗಿ ಕಾಂಡೋಮ್ ಸಾಕ್ಷಿ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಟೆಂಪ್ಲೇಟಿನ ಜಪ್ತಿ ಪಟ್ಟಿಯಲ್ಲಿ ಅದು ಇದ್ರೆ, ಅದನ್ನ ಗಮನಿಸಿ ಪ್ರಶ್ನೆ ಕೇಳಬೇಕಾದ್ದು ವರದಿಗಾರನ ಕೆಲಸ. ಪೊಲೀಸ್ ಪ್ರಕಟಣೆಯನ್ನ ಟೈಪ್ ಮಾಡೋಕೆ ವರದಿಗಾರ ಯಾಕೆ ಬೇಕು?

ಟೆಂಪ್ಲೇಟಿನಲ್ಲಿ ಇನ್ನೂ ಒಂದು ತಾರತಮ್ಯ ಇದೆ. ಹೆಂಗಸರಿಗೆ ‘ರಕ್ಷಣೆ’ ಆದ್ರೂ ಸಿಗುತ್ತೆ. ಅದೇ ಕೆಲಸ ಮಾಡೋ ಹಿಜಡಾ, ಮಂಗಳಮುಖಿಯರ ಸುದ್ದಿಯಾದ್ರೆ ಶೀರ್ಷಿಕೆಯಲ್ಲಿ ‘ಹಾವಳಿ’ ಅಂತ ಬರುತ್ತೆ, ಬೀದಿನಾಯಿ, ಚಿರತೆಗಳಿಗೆ ಬಳಸೋ ಪದ. ಬೆಂಗಳೂರಿನಲ್ಲಿ ಕೋತಿ ಮತ್ತು ಹಿಜಡಾ ಲೈಂಗಿಕ ಕಾರ್ಯಕರ್ತರ ಮೇಲೆ ಆಗೋ ದೌರ್ಜನ್ಯದ ಬಗ್ಗೆ ಪಿಯುಸಿಎಲ್ ಕರ್ನಾಟಕ 2003ರಲ್ಲಿ ವರದಿ ತಂದಿತ್ತು. ಬೀದಿ, ಮನೆ, ಸ್ಟೇಷನ್, ಎಲ್ಲೂ ಬಿಡುವಿಲ್ಲದ ಹಿಂಸೆಯ ದಾಖಲೆ ಅದು. ಅದಾದ ಮೇಲೆ, 2011ರಲ್ಲಿ, ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನೋ ಹೊಸ ಕಲಂ ಸೇರಿಸಿ, ಆ ಇಡೀ ಸಮುದಾಯವನ್ನೇ ಅನುಮಾನಿತರ ರಿಜಿಸ್ಟರಿಗೆ ಹಾಕೋ ಅಧಿಕಾರ ಕೊಟ್ಟರು. ಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ, 2016ರಲ್ಲಿ ಅದರ ಭಾಷೆ ತಿದ್ದಿದರು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ‘ಹಾಗಾದ್ರೆ ಹೆಣ್ಣುಮಕ್ಕಳನ್ನ ಮಾರೋರನ್ನ ಸುಮ್ನೆ ಬಿಡ್ಬೇಕಾ ಸ್ವಾಮಿ?’ ಬಿಡಬಾರದು. ಮಾನವ ಸಾಗಣೆ ಬೇರೆಯೇ ಅಪರಾಧ, ಹಿಂದೆ ಐಪಿಸಿ 370, ಈಗ ಭಾರತೀಯ ನ್ಯಾಯ ಸಂಹಿತೆಯ 143. 18 ತುಂಬದವರ ವಿಷಯಕ್ಕೆ 2012ರ ಪೋಕ್ಸೊ ಇದೆ. ಇವಕ್ಕೆ ಹಲ್ಲು ಬೇಕು, ತನಿಖೆ ಬೇಕು, ಶಿಕ್ಷೆ ಬೇಕು. ದೇವದಾಸಿ ಪದ್ಧತಿಯನ್ನ ನಿಷೇಧಿಸೋಕೆ ನಮ್ಮ ರಾಜ್ಯ 1982ರಲ್ಲಿ ಕಾಯ್ದೆ ಮಾಡಿದ್ದೂ ಸರಿಯೇ. ಹುಟ್ಟಿದ ಜಾತಿ ನೋಡಿ ಹುಡುಗಿಯ ಹಣೆಬರಹ ಬರೆಯೋ ಪದ್ಧತಿ ಅದು. ಆದ್ರೆ ಸಾಗಣೆ ಮಾಡೋನನ್ನ ಹಿಡಿಯೋಕೆ ಯಾರ ಸಹಾಯ ಬೇಕು? ಆ ಬೀದಿಯಲ್ಲಿ ಯಾರು ಹೊಸಬರು, ಯಾವ ಹುಡುಗಿ ಅಳ್ತಾ ಬಂದಳು ಅಂತ ಮೊದಲು ಗೊತ್ತಾಗೋದು ಅಲ್ಲೇ ಕೆಲಸ ಮಾಡೋ ಹೆಂಗಸರಿಗೆ. ಸ್ಟೇಷನ್ ಮೆಟ್ಟಿಲು ಹತ್ತಿದ್ರೆ ತನ್ನ ಮೇಲೇ ಕೇಸು ಬೀಳುತ್ತೆ ಅನ್ನೋಳು ಆ ಮಾತನ್ನ ಹೇಳೋಕೆ ಬರ್ತಾಳಾ? ಎಲ್ಲರನ್ನೂ ಅಪರಾಧಿ ಮಾಡಿದ್ರೆ ನಿಜವಾದ ಅಪರಾಧಿಗೆ ಅಡಗೋಕೆ ದೊಡ್ಡ ಗುಂಪು ಸಿಗುತ್ತೆ.

‘ಯಾರೂ ಇಷ್ಟಪಟ್ಟು ಈ ಕೆಲಸಕ್ಕೆ ಬರಲ್ಲ’ ಅನ್ನೋ ಮಾತಿಗೂ ನನ್ನ ಜಗಳ ಇಲ್ಲ. ನಮ್ಮೂರಿನಿಂದ ಬೆಂಗಳೂರಿಗೆ ಬಂದವರಲ್ಲಿ ಇಷ್ಟಪಟ್ಟು ಬಂದವರು ಎಷ್ಟು ಜನ? ಬೋರ್‌ವೆಲ್ ಬತ್ತಿದ್ದಕ್ಕೆ ಬಂದವರು, ಗಂಡ ಬಿಟ್ಟಿದ್ದಕ್ಕೆ ಬಂದವರು, ಸಾಲಕ್ಕೆ ಹೆದರಿ ಬಂದವರು. ನನಗೆ ಬಿಇ ಸಿಕ್ತು, ಎಸಿ ರೂಮು ಸಿಕ್ತು. ಹಾಗಂತ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗ್ತಿಲ್ಲ. ಇದು ಒಳ್ಳೆ ಕೆಲಸ, ಎಲ್ಲರೂ ಬನ್ನಿ ಅಂತಲೂ ಹೇಳ್ತಿಲ್ಲ. ಕಷ್ಟದಲ್ಲಿ ಇರೋಳ ಕಷ್ಟದ ಮೇಲೆ ಕೇಸು, ಬೀಗ, ಕಾಯಿಲೆ ಮೂರನ್ನೂ ಹೇರೋದು ರಕ್ಷಣೆ ಹೇಗಾಗುತ್ತೆ ಅಂತಷ್ಟೇ ನನ್ನ ಪ್ರಶ್ನೆ.

ನಮ್ಮ ಸಿನಿಮಾಗಳೂ ಈ ಟೆಂಪ್ಲೇಟಿಗೆ ಸ್ವಲ್ಪ ನೀರೆರೆದಿವೆ. 1969ರ ‘ಗೆಜ್ಜೆಪೂಜೆ’ ನಮ್ಮ ಅಮ್ಮಂದಿರ ಕಾಲದ ದೊಡ್ಡ ಸಿನಿಮಾ. ಎಂ.ಕೆ. ಇಂದಿರಾ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಲ್ಪನಾ ಅಭಿನಯ. ಆ ಹುಡುಗಿಯ ಮೇಲೆ ಕನಿಕರ ಬರೋ ಹಾಗೆ ಮಾಡಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದ್ರೆ ನಮ್ಮ ಕನಿಕರಕ್ಕೆ ಒಂದು ಷರತ್ತು ಅಂಟಿಕೊಂಡಿತು: ಅವಳು ಒಳ್ಳೆಯವಳಾಗಿರಬೇಕು, ಕೊನೆಗೆ ಸಾಯಬೇಕು. ಬದುಕಿ, ಜಗಳ ಮಾಡಿ, ಆಧಾರ್ ಕಾರ್ಡು ಕೇಳಿ, ಸಂಘ ಕಟ್ಟೋಳಿಗೆ ನಮ್ಮ ಕಥೆಗಳಲ್ಲಿ ಜಾಗ ಕಡಿಮೆ. ಸಾಯೋಳಿಗೆ ಸಿನಿಮಾ, ಸಾಯದೇ ಇರೋಳಿಗೆ ದಾಳಿ.

ಪದಗಳ ಮಾತು ಬಂದಾಗ ಸರ್ಕಾರದ ಪದವನ್ನೂ ನೋಡಿಬಿಡೋಣ. ಪೊಲೀಸ್ ಕಡತದಲ್ಲಿ ‘ವೇಶ್ಯೆ’, ಆರೋಗ್ಯ ಇಲಾಖೆಯಲ್ಲಿ ‘ಲೈಂಗಿಕ ಕಾರ್ಯಕರ್ತೆ’, ಮಹಿಳಾ ಅಭಿವೃದ್ಧಿ ನಿಗಮದ ‘ಚೇತನ’ ನೆರವಿನ ಯೋಜನೆಯಲ್ಲಿ ‘ದಮನಿತ ಮಹಿಳೆ’. ಒಬ್ಬಳೇ ಹೆಂಗಸು, ಮೂರು ಕೌಂಟರಿನಲ್ಲಿ ಮೂರು ಹೆಸರು. ಮೂರನೆಯ ಪದ ನನಗೆ ಕುತೂಹಲ. ದಮನಿತ ಅಂದ್ರೆ ಯಾರೋ ದಮನ ಮಾಡಿದ್ದಾರೆ ಅಂತಾಯ್ತು. ಯಾರು? 1956ರಲ್ಲಿ ಬಂದಾಗ ಪೀಟಾದ ಹೆಸರಿನಲ್ಲಿ ‘ತಡೆ’ ಇರಲಿಲ್ಲ, ‘ದಮನ’ ಅಂತಲೇ ಅರ್ಥ ಬರೋ ಇಂಗ್ಲಿಷ್ ಪದ ಇತ್ತು. 1986ರಲ್ಲಿ ಅದನ್ನ ಬದಲಾಯಿಸಿದರು. ದಮನದ ಕಾಯ್ದೆಯೂ ಸರ್ಕಾರದ್ದೇ, ದಮನಿತರಿಗೆ ನೆರವೂ ಸರ್ಕಾರದ್ದೇ.

ನಮ್ಮದು ಬಸವಣ್ಣನ ಹೆಸರಿನ ಬಡಾವಣೆ ಇರೋ ಊರು. ಅವರ ಕಾಲದ ಶರಣೆಯರಲ್ಲಿ ಸೂಳೆ ಸಂಕವ್ವೆ ಅಂತ ಒಬ್ಬರಿದ್ದರು. ಉಳಿದಿರೋದು ಅವರ ಒಂದೇ ವಚನ, ಅಂಕಿತ ‘ನಿರ್ಲಜ್ಜೇಶ್ವರಾ’. ತನ್ನ ಕೆಲಸದ ಮಾತನ್ನೇ ಹಿಡಿದು ದೇವರ ಜೊತೆ ಮಾತಾಡಿದ ಹೆಂಗಸು. 12ನೇ ಶತಮಾನದಲ್ಲಿ ಆಕೆಗೆ ಪ್ರಥಮಾ ವಿಭಕ್ತಿ ಸಿಕ್ಕಿತ್ತು. ನಮ್ಮ ಪೇಪರಿನಲ್ಲಿ ಇನ್ನೂ ಸಿಕ್ಕಿಲ್ಲ.

ಬೈದವನು ಬೇರೆ ದಾರಿಯನ್ನೂ ತೋರಿಸಬೇಕು ಅಂತಾರೆ. ಕಾಯ್ದೆ ಬದಲಾಗೋದು ಸಂಸತ್ತಿನ ಕೆಲಸ: ಇಬ್ಬರು ಸೇರಿದ್ರೆ ವೇಶ್ಯಾಗೃಹ ಅನ್ನೋ ಸಾಲು, 8ನೇ ಕಲಂ, ಒಪ್ಪಿಗೆ ಇಲ್ಲದೆ ವಯಸ್ಕರನ್ನ ಗೃಹಕ್ಕೆ ಕಳಿಸೋ ಅಧಿಕಾರ, ಮೊದಲು ಹೋಗಬೇಕಾದ್ದು ಈ ಮೂರು. ಆದ್ರೆ ಸುದ್ದಿ ಬದಲಾಗೋಕೆ ಸಂಸತ್ತು ಬೇಡ. ವರದಿಗಾರರು ನಾಲ್ಕು ಪ್ರಶ್ನೆ ಕೇಳಿದ್ರೆ ಸಾಕು. ಆ ಮೂವರಿಗೆ 18 ದಾಟಿತ್ತಾ? ಅವರು ರಕ್ಷಣೆ ಕೇಳಿದ್ರಾ? ಈಗ ಎಲ್ಲಿದ್ದಾರೆ, ಅವರ ಮಕ್ಕಳು ಎಲ್ಲಿದ್ದಾರೆ? ಬಂಧಿತರು ದಲ್ಲಾಳಿಗಳಾ, ಇಲ್ಲಾ ಅವರ ಜೊತೆಯವರೇನಾ?

ಓದುಗರಾದ ನಮ್ಮ ಪಾಲಿಗೂ ಒಂದು ಕೆಲಸ ಇದೆ. ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಇಂಥ ಸುದ್ದಿ ಬಂದಾಗ ‘ಒಳ್ಳೆ ಕೆಲಸ ಮಾಡಿದ್ರು’ ಅಂತ ಕೈ ಮುಗಿಯೋ ಚಿತ್ರ ಹಾಕೋ ಮೊದಲು, ಈ ನಾಲ್ಕರಲ್ಲಿ ಒಂದನ್ನಾದ್ರೂ ಅಲ್ಲೇ ಕೇಳಿ. ಉತ್ತರ ಬರದೇ ಇರಬಹುದು. ‘ಯಾಕ್ರೀ, ನಿಮಗೇನು ಅಷ್ಟು ಆಸಕ್ತಿ?’ ಅಂತ ಒಬ್ಬರಾದ್ರೂ ಕೇಳೇ ಕೇಳ್ತಾರೆ. ಕೇಳಲಿ. ಇನ್ನೊಂದು ಕತ್ತಲ ರಸ್ತೆಯಲ್ಲಿ ಒಬ್ಬಳು ಇಂಥದ್ದಕ್ಕಿಂತ ಎಷ್ಟೋ ಕೆಟ್ಟ ಮಾತು ಕೇಳ್ತಾ, ಗಾಡಿ ಹತ್ತೋದಾ ಬೇಡವಾ ಅಂತ ಅರ್ಧ ನಿಮಿಷದಲ್ಲಿ ತೀರ್ಮಾನ ಮಾಡ್ತಿರ್ತಾಳೆ.